ಐದು ಸಾವಿರದ ಕೋನು

ರಾಯದುರ್ಗ
12 ಜನವರಿ 2026

ನಾಗವೇಣಿಗೆ ನಿನ್ನಪ್ಪ ಬರೆಯುವುದು,

ಇಲ್ಲಿ ಹನ್ನೆರಡು ಮಿಷನ್‌ಗಳಲ್ಲಿ ಹನ್ನೊಂದು ಕ್ಷೇಮ. ಹನ್ನೆರಡನೆಯದಕ್ಕೆ ನನ್ನ ಹಾಗೆಯೇ ಸೊಂಟ ಹಿಡಿದಿದೆ.

ಫೋನಿರುವಾಗ ಕಾಗದ ಯಾಕೆ ಎನ್ನುತ್ತೀಯ. ಮೊನ್ನೆ ನೀನು ಫೋನು ಮಾಡಿದಾಗ ಏನಾಯಿತು ಕೇಳು. ನಲವತ್ತೆಂಟು ವರ್ಷ ಹೊಲಿಗೆ ಮಿಷನ್ನಿನ ಸದ್ದಿನಲ್ಲಿ ಕೂತ ಕಿವಿ ನನ್ನದು. ಎದುರಿಗಿದ್ದವರ ತುಟಿ ನೋಡಿ ಅರ್ಧ ತಿಳಿಯುತ್ತೇನೆ, ಫೋನಿಗೆ ತುಟಿಯಿಲ್ಲ. ಅದಕ್ಕೆ ನಮ್ಮ ಜೀನ್ಸ್ ಯೂನಿಟ್ ನೋಡಿಕೊಳ್ಳುವ ಮಂಜುಳಮ್ಮನ ಕೈಗೆ ಕೊಟ್ಟೆ. ಅವಳು ಕೇಳಿಸಿಕೊಂಡು ನನ್ನ ಕಿವಿಗೆ ಕೂಗಿದಳು: “ಸಾವ್ಕಾರ್ರಾ, ನಿಮ್ಮ ಮಗಳು ಓಡಿ ಹೋಗ್ತಾಳಂತ್ರೀ!”

ಎಲ್ಲ ಮಿಷನ್ನೂ ಒಟ್ಟಿಗೆ ನಿಂತವು. ಮದುವೆಯಾಗಿ ಹದಿನಾಲ್ಕು ವರ್ಷ ಆದ ಮೇಲೆ, ಎರಡು ಮಕ್ಕಳ ತಾಯಿ! ಆಮೇಲೆ ಅವಳು ಉಸಿರು ತಗೊಂಡು ಉಳಿದದ್ದು ಹೇಳಿದಳು: “ಇಪ್ಪತ್ತೊಂದು ಕಿಲೋಮೀಟರ್ ಅಂತ್ರೀ! ಗುಡ್ಡದಾಗ!” ಅಷ್ಟರಲ್ಲಿ ಜಿಪ್ ಹಾಕುವ ಹುಡುಗಿಯರು ಕಣ್ಣೊರೆಸಿಕೊಳ್ಳುತ್ತಿದ್ದರು, ನಗು ತಾಳಲಾಗದೆ. ಇನ್ನು ಮೇಲೆ ನಿನ್ನ ನನ್ನ ಮಾತು ಕಾಗದದಲ್ಲೇ ಇರಲಿ.

ಮಂಜುಳಮ್ಮನ ಗಂಟಲಿನಿಂದ ನನಗೆ ದಕ್ಕಿದ್ದು ಇಷ್ಟು: ಮಾರ್ಚ್ 29ರ ಭಾನುವಾರ, ಬಳ್ಳಾರಿ ಕಡೆಯ ಗುಡ್ಡದಲ್ಲಿ ಓಟ, ಮೂರು ಗಂಟೆಯೊಳಗೆ ಮುಗಿಸದವರು ಲೆಕ್ಕಕ್ಕಿಲ್ಲ. ಸರಿಯಷ್ಟೇ? ರಾಯದುರ್ಗದಿಂದ ಆ ಜಾಗಕ್ಕೆ ಒಂದೂವರೆ ಗಂಟೆಯ ದಾರಿ. ಸುಮ್ಮನೆ ಹೇಳಿದೆ.

ನಿಮ್ಮವ್ವ ಪಕ್ಕದಲ್ಲಿ ಕೂತು, “ಮೂವತ್ತೇಳಕ್ಕ ಇದೇನು ಹುಚ್ಚು? ಗುಡ್ಡದಾಗ ಕರಡಿ ಅದಾವು ಅಂತ ಬರೀರಿ” ಎನ್ನುತ್ತಿದ್ದಾಳೆ. ಬರೆದಿದ್ದೇನೆ.

ನಿನ್ನ ಅಪ್ಪ,
ತಿಪ್ಪೇರುದ್ರಪ್ಪ

*

ಮಡಕಶಿರಾ
20 ಜನವರಿ 2026

ಅಪ್ಪನಿಗೆ,

ನಿನ್ನ ಕಾಗದ ಬಂದಾಗ ಅಂಗಡಿಯಲ್ಲಿ ಮೂವರು ಬ್ಲೌಸಿನ ಅಳತೆಗೆ ನಿಂತಿದ್ದರು. ನಗುತ್ತಾ ನಗುತ್ತಾ ಒಬ್ಬರ ತೋಳನ್ನು ಎರಡು ಸಲ ಅಳೆದೆ.

ಕರಡಿಯ ವಿಷಯ ಅವ್ವನಿಗೆ ಹೇಳು: ಸೀತಾಫಲದ ಕಾಲ ಮುಗಿಯಿತು, ಈಗ ಅವುಗಳಿಗೆ ಈ ಕಡೆ ಕೆಲಸವಿಲ್ಲ. ಹುಚ್ಚಿನ ವಿಷಯವೂ ಹೇಳುತ್ತೇನೆ. ಹೋದ ವರ್ಷ ಬೆನ್ನುನೋವಿಗೆ ಡಾಕ್ಟರು ನಡೆಯಲು ಹೇಳಿದರು. ದಿನಾ ಕೆರೆ ಕಟ್ಟೆಯವರೆಗೆ ನಡೆಯುತ್ತಿದ್ದೆ. ಒಂದು ದಿನ ಅಂಗಡಿ ತೆಗೆಯಲು ಹೊತ್ತಾಯಿತೆಂದು ವಾಪಸ್ ಓಡಿ ಬಂದೆ. ಅಂಗಡಿ ಬಂದರೂ ನಿಲ್ಲಬೇಕು ಅನ್ನಿಸಲಿಲ್ಲ. ಬೀಗದ ಕೈ ಕೈಯಲ್ಲಿ ಹಿಡಿದುಕೊಂಡೇ ಬಸ್‌ಸ್ಟ್ಯಾಂಡ್‌ವರೆಗೂ ಹೋದೆ. ಅಲ್ಲಿ ನಿನ್ನ ಅಳಿಯ ಲೋಕನಾಥ್ ಅಮರಾಪುರದ ಬಸ್ಸಿಗೆ ಟಿಕೆಟ್ ಹರಿಯುತ್ತಿದ್ದವರು, “ಏನಾಯ್ತೇ? ಮಕ್ಳು ಬಿದ್ರಾ?” ಅಂತ ಕೆಳಗೆ ಜಿಗಿದರು. ಏನೂ ಆಗಿರಲಿಲ್ಲ. ಅದೇ ಶುರು.

ಈಗ ಕೆರೆಯ ಹಿಂದೆ ಗುಡ್ಡದ ಬುಡ ಸುತ್ತುವ ಕುರಿದಾರಿಯಲ್ಲಿ ಓಡುತ್ತೇನೆ. ತೊಂದರೆ ಒಂದೇ: ಎಷ್ಟು ದೂರ ಓಡಿದೆನೆಂದು ಗೊತ್ತಾಗುವುದಿಲ್ಲ. ಗುಡ್ಡದ ಹಿಂದೆ ಫೋನಿಗೆ ಸಿಗ್ನಲ್ ಸಿಗದೆ, ಅದೇ ದಾರಿಯನ್ನು ಒಂದು ದಿನ ಎಂಟು ಕಿಲೋಮೀಟರ್ ಅನ್ನುತ್ತದೆ, ಇನ್ನೊಂದು ದಿನ ಹನ್ನೊಂದು.

ಒಂದೂವರೆ ಗಂಟೆಯ ದಾರಿ ಎಂದು ನೀನು ಸುಮ್ಮನೆ ಹೇಳಿಲ್ಲ ಅಂತ ನನಗೆ ಗೊತ್ತು. ಅವತ್ತು ಯಾರೂ ಬರುವುದು ಬೇಡ ಅಪ್ಪ. ಇವರಿಗೂ ಹೇಳಿದ್ದೇನೆ. ಕಾರಣ ಕೇಳಬೇಡ.

ನಾಗವೇಣಿ

*

ರಾಯದುರ್ಗ
27 ಜನವರಿ 2026

ನಾಗವೇಣಿಗೆ,

ಕಾರಣ ಕೇಳುತ್ತಿಲ್ಲ. ಕೇಳುತ್ತಿಲ್ಲ ಎಂಬುದನ್ನು ನೆನಪಿಟ್ಟುಕೋ.

ದೂರ ಅಳೆಯುವ ಮಾತಿಗೆ ಬರೋಣ. ದರ್ಜಿಯ ಮಗಳು, ದರ್ಜಿಯೂ ಹೌದು, ಇಷ್ಟಕ್ಕೆ ಆಕಾಶದ ಉಪಗ್ರಹವನ್ನು ನೆಚ್ಚಿಕೊಂಡಿದ್ದೀಯಲ್ಲ! ಬಸ್ ಪಾರ್ಸೆಲ್ಲಿನಲ್ಲಿ ಒಂದು ಡಬ್ಬಿ ಬರುತ್ತದೆ. ಅದರಲ್ಲಿ ದಾರದ ಕೋನು ಇದೆ. ಜೀನ್ಸಿನ ಜೇಬಿನ ಮೇಲೆ ಹಾಕುವ ಹೊಂಬಣ್ಣದ ದಪ್ಪ ದಾರ. ಒಂದು ಕೋನಿಗೆ ಐದು ಸಾವಿರ ಮೀಟರ್, ಹೊಸದು, ಸೀಲು ಒಡೆದಿಲ್ಲ. ಕೆರೆ ಕಟ್ಟೆಯಲ್ಲಿ ತುದಿ ಕಟ್ಟು. ಅಳಿಯಂದಿರು ಕೋನನ್ನು ಕೋಲಿಗೆ ಸಿಕ್ಕಿಸಿಕೊಂಡು ದಾರಿಗುಂಟ ಬಿಡುತ್ತಾ ನಡೆಯಲಿ. ದಾರ ಎಲ್ಲಿ ಮುಗಿಯಿತೋ ಅಲ್ಲಿಗೆ ಐದು ಕಿಲೋಮೀಟರ್. ಹೋಗಿ, ಬಂದು, ಮತ್ತೆ ಹೋಗಿ, ಬಂದರೆ ಇಪ್ಪತ್ತು. ಓಟದ ದಿನ ಅದರ ಮೇಲೆ ಒಂದು ಕಿಲೋಮೀಟರನ್ನು ಹಲ್ಲು ಕಚ್ಚಿಯಾದರೂ ಓಡುತ್ತೀಯ.

ಗುಂಡಿಯ ಕಾಜಾ ಹಾಕುವ ಹುಡುಗನಾಗಿ ಶುರು ಮಾಡಿದವನು ನಾನು. ಎಂಜಿನಿಯರ್‌ಗಳನ್ನು ಕೇಳಿ ಏನನ್ನೂ ಮಾಡಿದವನಲ್ಲ. ಇದನ್ನು ಯೋಚಿಸಿದ ಮೇಲೆ ಎರಡು ದಿನ ಯೂನಿಟ್ಟಿನಲ್ಲಿ ಎದೆಯುಬ್ಬಿಸಿ ಓಡಾಡಿದೆ. ನಿಮ್ಮವ್ವ, “ಸುಮ್ನ ಕುಂದರ್ರಿ, ಓಡಾಕಿ ಆಕಿ, ನೀವಲ್ಲ” ಎಂದಳು.

ಅಂದ ಹಾಗೆ, ಓಟದಲ್ಲಿ ನೀರಿನ ಬಾಟಲಿ ಹಿಡಿದು ನಿಲ್ಲುವವರು ಬೇಕಾಗುತ್ತಾರೆ ಎಂದು ಕೇಳಿದೆ. ಕಿವಿ ಕೆಟ್ಟರೂ ನನ್ನ ಕೈಗಳು ಗಟ್ಟಿಯಾಗಿವೆ.

ನಿನ್ನ ಅಪ್ಪ

*

ಮಡಕಶಿರಾ
18 ಫೆಬ್ರವರಿ 2026

ಅಪ್ಪನಿಗೆ,

ನಿನ್ನ ದಾರ ದಾರಿಯಾಯಿತು, ಜೊತೆಗೆ ದೊಡ್ಡ ರಗಳೆಯೂ ಆಯಿತು. ಇವರು ಕೋಲು ಹಿಡಿದು ಮುಂದೆ, ನಾನು ದಾರವನ್ನು ಕಲ್ಲಿನಡಿ ಸಿಕ್ಕಿಸುತ್ತಾ ಹಿಂದೆ. ಎಳೇ ಬಿಸಿಲಿಗೆ ಅದು ಗುಡ್ಡದ ಸುತ್ತ ಮಿರಮಿರ ಮಿನುಗುತ್ತಿತ್ತು. ಮುಗಿದ ಜಾಗದಲ್ಲಿ ಬಂಡೆಗೆ ಸುಣ್ಣ ಬಳಿದು, ಸುತ್ತಿಕೊಂಡು ಬರೋಣವೆಂದು ತಿರುಗಿದರೆ ಎದುರಿಗೆ ಕದಿರಪ್ಪ. ಗುಡಿಬಂಡೆ ಕಡೆಯಿಂದ ಕುರಿ ಹೊಡೆದುಕೊಂಡು ಬರುವವನು. ಮಂದೆಯಲ್ಲಿ ಅರ್ಧ ಕುರಿಗಳ ಕಾಲಿಗೆ ಹೊಂಬಣ್ಣದ ದಾರ!

“ಅಕ್ಕಾ, ನಿಂದೇನಾ ಇದು? ನನ್ ಕುರಿಗೆಲ್ಲಾ ಪ್ಯಾಂಟ್ ಹೊಲ್ಯಾಕ್ ಬಂದಿದ್ದೀಯಾ?”

ಇವರು, “ಅಳತೆ ತಗಂತಿದ್ವಿ ಕಣಣ್ಣಾ, ಸೊಂಟ ಸಿಕ್ತಿಲ್ಲ” ಎಂದರು. ಬಿಡಿಸಲು ಮಧ್ಯಾಹ್ನವಾಯಿತು. ಕದಿರಪ್ಪನ ಬುತ್ತಿಯ ಮುದ್ದೆಯಲ್ಲಿ ನಮಗೂ ಪಾಲು ಸಿಕ್ಕಿತು.

ಈಗ ಮುಖ್ಯ ಸುದ್ದಿ. ಶಿವರಾತ್ರಿಯ ಬೆಳಿಗ್ಗೆ ಕಟ್ಟೆಯಿಂದ ಸುಣ್ಣದ ಬಂಡೆಗೆ, ಹೋಗಿ ಬಂದು, ಮತ್ತೆ ಹೋಗಿ ಬಂದೆ. ಇಪ್ಪತ್ತು ಕಿಲೋಮೀಟರ್! ಎರಡು ಗಂಟೆ ನಲವತ್ತನಾಲ್ಕು ನಿಮಿಷ. ಇನ್ನೊಂದು ಕಿಲೋಮೀಟರಿಗೆ ಎಂಟು ಒಂಬತ್ತು ನಿಮಿಷ ಸೇರಿಸಿದರೂ ಮೂರು ಗಂಟೆಗೆ ಏಳು ನಿಮಿಷ ಉಳಿಯುತ್ತದೆ. ಉಪವಾಸದ ದಿನ ಓಡಿದೆ ಎಂದು ಅವ್ವನಿಗೆ ಹೇಳಬೇಡ. ಆರು ಬಾಳೆಹಣ್ಣು ತಿಂದು ಓಡಿದೆ ಎಂದಂತೂ ಹೇಳಲೇಬೇಡ.

ಬಾಟಲಿಯನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತೇನೆ ಅಪ್ಪ.

ನಾಗವೇಣಿ

*

ರಾಯದುರ್ಗ
25 ಫೆಬ್ರವರಿ 2026

ನಾಗವೇಣಿಗೆ,

ಈ ಕಾಗದವನ್ನು ನಿಂತುಕೊಂಡು ಓದಬೇಡ, ಕೂತುಕೋ.

ನಿನ್ನೆ ಮಂಜುಳಮ್ಮ ಬಂದು, “ನೂರು ಪ್ಯಾಂಟಿಗೆ ಬರೋ ಕೋನು ಈಗ ತೊಂಬತ್ತಕ್ಕ ಮುಗೀತದ್ರಿ” ಎಂದಳು. ನಾನು, “ಏನು, ದಾರ ತಿಂತೀರೇನು?” ಎಂದೆ. “ಉಪ್ಪು ಖಾರ ಹಚ್ಚಿ ಕೊಟ್ರ ತಿಂತೀವ್ರಿ” ಎಂದಳು. ನನಗೆ ಸಿಟ್ಟು ಬಂತು. ಒಂದು ಪ್ಯಾಂಟಿಗೆ ಆ ದಾರ ಇಷ್ಟೇ ಹೋಗುತ್ತದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಕೋನನ್ನು ಬಿಸಿಲಿಗೆ ಹಿಡಿದು ಕನ್ನಡಕ ಹಾಕಿಕೊಂಡು ಚೀಟಿ ಓದಿದೆ. ಸಂಕ್ರಾಂತಿಗೆ ಮುಂಚೆ ದಾರದವನನ್ನು ಬದಲಿಸಿದ್ದೆ. ಹಳಬನು ಮೀಟರಿನಲ್ಲಿ ಕೊಡುತ್ತಿದ್ದ, ಹೊಸಬನದು ಗಜದ ಲೆಕ್ಕ. ಐದು ಸಾವಿರ ಗಜ. ಡಬ್ಬಿಯ ಬಣ್ಣ ಅದೇ, ಮೇಲೆ ಐದು ಸಾವಿರವೂ ಅದೇ. ನಾನು ಕಣ್ಣಿಟ್ಟು ನೋಡಲೇ ಇಲ್ಲ.

ಗಜಕ್ಕೂ ಮೀಟರಿಗೂ ಮೂರು ಇಂಚಿನ ಮೇಲೆ ಚೂರು ವ್ಯತ್ಯಾಸ. ಐದು ಸಾವಿರ ಸಲ ಆದಾಗ ಅದು ನಾನೂರ ಇಪ್ಪತ್ತೆಂಟು ಮೀಟರ್. ನೀನು ನಾಲ್ಕು ಸಲ ಓಡಿದೆ. ಇಪ್ಪತ್ತಲ್ಲ, ಹದಿನೆಂಟೇ ಕಾಲು ಕಿಲೋಮೀಟರ್. ನಿನ್ನ ಅದೇ ವೇಗದಲ್ಲಿ ಇಪ್ಪತ್ತೊಂದಕ್ಕೆ ಎಷ್ಟಾಗುತ್ತದೆ ಎಂದು ನೋಡಿದೆ. ಮೂರು ಗಂಟೆ ಎಂಟು ನಿಮಿಷ. ಮೂರು ಸಲ ಲೆಕ್ಕ ಹಾಕಿದೆ, ಮೂರು ಸಲವೂ ಎಂಟೇ.

ನಿನ್ನ ಓಟವನ್ನು ನಾನು ಮೊಟಕು ಮಾಡಿದ್ದು ಇದು ಎರಡನೆಯ ಸಲ.

ಮೊದಲನೆಯದನ್ನು ನೀನು ಯಾವತ್ತೂ ಎತ್ತಿ ಆಡಲಿಲ್ಲ, ನಾನೂ ಎತ್ತಲಿಲ್ಲ. ಎತ್ತದೆ ಇಪ್ಪತ್ತೊಂದು ವರ್ಷವಾಯಿತು. ನಿನಗೆ ಹದಿನಾರು. ಅನಂತಪುರದ ಜಿಲ್ಲಾ ಓಟಕ್ಕೆ ನಿನ್ನ ಹೆಸರು ಬಂದಿದೆ ಎಂದು ಡ್ರಿಲ್ ಮೇಷ್ಟ್ರು ಮನೆಗೆ ಬಂದು ಹೇಳಿ ಹೋದರು. ಆಗ ನಮ್ಮದು ಮೂರೇ ಮಿಷನ್. ಮುನ್ನೂರು ಪ್ಯಾಂಟಿನ ಆರ್ಡರ್ ಅದೇ ವಾರ ಬಂತು. ನಾನು ಬಾಗಿಲಲ್ಲೇ ನಿಂತು, “ಈ ಸಲ ಬ್ಯಾಡ, ಮಿಷನ್ ಮ್ಯಾಲ ಕುಂದ್ರು” ಎಂದುಬಿಟ್ಟೆ. ನೀನು ಕಟಿಂಗ್ ಟೇಬಲ್ಲಿನ ಹಿಂದೆ ಕೂತು ಅತ್ತೆ. ಆಗ ನನ್ನ ಕಿವಿ ಚೆನ್ನಾಗಿತ್ತು.

ನಿನ್ನ ಜೊತೆ ಯಾರೂ ಬರಬಾರದು ಎಂದೆಯಲ್ಲ, ಕಾರಣ ಕೇಳಬಾರದು ಎಂದೆಯಲ್ಲ. ಕೇಳುವ ಅಗತ್ಯವಿಲ್ಲ, ನನಗೆ ಗೊತ್ತು. ಬಂಡೆಯ ಆಚೆ ನಾನೂರ ಇಪ್ಪತ್ತೆಂಟು ಮೀಟರ್ ಸೇರಿಸಿಕೋ. ಇನ್ನೂ ಒಂದು ತಿಂಗಳಿದೆ.

ಅಪ್ಪ

*

ರಾಯದುರ್ಗ
9 ಮಾರ್ಚ್ 2026

ನಾಗವೇಣಿ,

ಹನ್ನೆರಡು ದಿನವಾಯಿತು. ನಾನು ದಿನಾ ಹನ್ನೊಂದಕ್ಕೆ ಯೂನಿಟ್ಟಿನ ಬಾಗಿಲಿಗೆ ಬರುವುದನ್ನು ಕಂಡು ಪೋಸ್ಟ್‌ಮ್ಯಾನ್ ಯರ್ರಪ್ಪ, “ಸಾವ್ಕಾರ್ರಾ, ಇಷ್ಟು ಕಾಯ್ತೀರಿ, ನಾನಾ ಒಂದು ಬರದು ತಂದುಕೊಡ್ಲೇನ್ರಿ?” ಎಂದ. ಮಂಜುಳಮ್ಮ, ತಾನು ಕೂಗದೆ ಮೆಲ್ಲಗೆ ಮಾತಾಡುತ್ತೇನೆ, ಫೋನು ಮಾಡೋಣ ಎನ್ನುತ್ತಾಳೆ. ಬೇಡ ಎಂದೆ.

ಬೈಯುವುದಿದ್ದರೂ ಬರೆ. ಉದ್ದವಾಗಿಯೇ ಬರೆ.

ಅಪ್ಪ

*

ಮಡಕಶಿರಾ
12 ಮಾರ್ಚ್ 2026

ಅಪ್ಪನಿಗೆ,

ಬೈಯಲು ಅಲ್ಲ, ಟೈಮ್ ಹೇಳಲು ಕಾಯುತ್ತಿದ್ದೆ. ಹೋದ ಭಾನುವಾರ ನಿಜವಾದ ಇಪ್ಪತ್ತೊಂದು ಓಡಿದೆ. ಬರೆಯಲು ಇನ್ನೂ ನಾಲ್ಕು ದಿನ ಬೇಕಾಯಿತು, ಯಾಕೆಂದು ಕಡೆಗೆ ಹೇಳುತ್ತೇನೆ.

ನಿನ್ನ ನಾನೂರ ಇಪ್ಪತ್ತೆಂಟು ಮೀಟರನ್ನು ಇವರು ಅಂಗಡಿಯ ಟೇಪಿನಿಂದ ಅಳೆದರು. ಒಂದೂವರೆ ಮೀಟರಿನ ಟೇಪು, ಇನ್ನೂರ ಎಂಬತ್ತೈದು ಸಲ ಬಗ್ಗಿ ಎದ್ದರು. ಕದಿರಪ್ಪ ಬಂಡೆಯ ಮೇಲೆ ಕೂತು ಎಣಿಸಿದ. “ಭಾವಾ, ಬಸ್ನಾಗೆ ಇಂಗೇ ಬಗ್ಗಿ ಬಗ್ಗಿ ಚಿಲ್ರೆ ಕೊಟ್ಟಿದ್ರೆ ಜನ ದೇವ್ರು ಅಂತಿದ್ರು” ಎಂದ. ಈಗ ಕೊನೆಯ ಗುರುತು ಒಂದು ಹುಣಸೆ ಮರದ ಬುಡದಲ್ಲಿದೆ. ಇಪ್ಪತ್ತೊಂದನೆಯ ಕಿಲೋಮೀಟರಿಗೆ ಕಟ್ಟೆಯ ಮೇಲೂ ಟೇಪು ಹಿಡಿದೆವು.

ಭಾನುವಾರ ಐದೂವರೆಗೆ ಒಬ್ಬಳೇ ಹೊರಟೆ. ಚಳಿ ಇನ್ನೂ ಪೂರ್ತಿ ಹೋಗಿಲ್ಲ, ಕೆರೆಯ ಹತ್ತಿರ ಕೈ ಮರಗಟ್ಟಿತು; ಗುಡ್ಡದ ಮಗ್ಗುಲಿಗೆ ಬಂದರೆ ರಾತ್ರಿಯಿಡೀ ಕಾವು ಹಿಡಿದಿದ್ದ ಬಂಡೆಗಳ ಬಿಸಿ ಮುಖಕ್ಕೆ ಹೊಡೆಯಿತು. ಹೊಂಗೆ ಮರಗಳು ಎಲೆ ಉದುರಿಸಿ ಮುಗಿಸಿ, ತುದಿಗಳಲ್ಲಿ ಎಣ್ಣೆ ಸವರಿದಂತೆ ಚಿಗುರಿವೆ. ಒಣಗಿದ ಎಲೆಯ ಮೇಲೆ ನನ್ನದೇ ಹೆಜ್ಜೆಯ ಸದ್ದು ಕೇಳಿ, ಯಾರೋ ಹಿಂದೆ ಬರುತ್ತಿದ್ದಾರೆ ಎಂದು ಎರಡು ಸಲ ತಿರುಗಿದೆ. ಒಂದು ಕೌಜುಗ ಕಾಲ ಬಳಿಯಿಂದಲೇ ಬುರ್ ಎಂದು ಎದ್ದಿತು. ದೂರದ ಇಳಿಜಾರಿನಲ್ಲಿ ಎಲೆಯಿಲ್ಲದ ಮುತ್ತುಗ, ಬರೀ ಹೂವು. ಮೊದಲ ಹತ್ತು ಕಿಲೋಮೀಟರ್ ಹೇಗೆ ಹೋಯಿತೋ ತಿಳಿಯಲಿಲ್ಲ. ಹುಣಸೆ ಬಡಿಯಲು ಬಂದಿದ್ದ ಹೆಂಗಸರಲ್ಲಿ ಒಬ್ಬಾಕೆ ಮರದ ಮೇಲಿಂದ, “ಎಲ್ಗಮ್ಮಾ?” ಎಂದಳು. “ಇಲ್ಗೇ” ಎಂದೆ.

ಹದಿನಾಲ್ಕರ ಹತ್ತಿರ ಒಂದು ಏರು ಇದೆ. ಮೊದಲ ಸುತ್ತಿನಲ್ಲಿ ಅದು ಏರು ಅಂತಲೇ ಅನ್ನಿಸಿರಲಿಲ್ಲ. ಎರಡನೇ ಸಲ ಅದರ ನಡುವೆ ನಿಂತುಬಿಟ್ಟೆ. ಕಾಲು ನೋಯುತ್ತಿರಲಿಲ್ಲ ಅಪ್ಪ, ಉಸಿರೂ ಇತ್ತು. ಹೆದರಿಕೆಯಾಯಿತು. ಇಷ್ಟು ಜನಕ್ಕೆ ಹೇಳಿಕೊಂಡು ಓಡಿ, ಮೂರು ಗಂಟೆಯಾದ ಮೇಲೆ ಮುಟ್ಟಿದರೆ? ಕಲ್ಲಿನ ಮೇಲೆ ಕೂತೆ. ಈ ಹೆದರಿಕೆಯ ಪರಿಚಯ ನನಗಿತ್ತು. ಹದಿನಾರನೇ ವಯಸ್ಸಿನಲ್ಲಿ ನೋಡಿದ್ದೆ.

ನೀನು ಆ ಅಳುವಿನ ಮಾತು ಬರೆದಿದ್ದೀಯಲ್ಲ. ಅದರ ವಿಷಯ ನಿನಗೆ ತಿಳಿದಿರುವುದು ತಪ್ಪು.

ಅನಂತಪುರಕ್ಕೆ ಹೋಗಲು ನನಗೆ ಇಷ್ಟವಿರಲಿಲ್ಲ. ಅದಕ್ಕೆ ಮುಂಚಿನ ಓಟದಲ್ಲಿ ಹಾಸ್ಟೆಲ್ಲಿನ ಹುಡುಗಿಯರನ್ನು ನೋಡಿದ್ದೆ, ಅಡಿಯಲ್ಲಿ ಮುಳ್ಳಿರುವ ಓಟದ ಶೂ ಹಾಕಿದವರು. ನಾನು ಬರಿಗಾಲಿನವಳು. ಎಲ್ಲರೆದುರು ಕೊನೆಯವಳಾಗುತ್ತೇನೆ ಎಂದು ಊಟ ಸೇರುತ್ತಿರಲಿಲ್ಲ. ಹೇಗಾದರೂ ತಪ್ಪಿಸು ಎಂದು ದೇವರಿಗೆ ಹರಕೆ ಹೊತ್ತೆ. ಮುನ್ನೂರು ಪ್ಯಾಂಟು ಬಂದವು. ನೀನು ಬೇಡ ಎಂದಾಗ ಎದೆಯ ಮೇಲಿನ ಬಂಡೆ ಇಳಿಯಿತು. ಅದು ಮುಖದಲ್ಲಿ ಕಾಣಬಾರದೆಂದು ಟೇಬಲ್ಲಿನ ಹಿಂದೆ ಕೂತು ಅತ್ತೆ. ನೀನು ಬಾಗಿಲಲ್ಲಿ ನಿಂತಿದ್ದು ಕಂಡಿತು, ಇನ್ನೊಂದು ಚೂರು ಜೋರಾಗಿ ಅತ್ತೆ.

ಆಮೇಲೆ ಹೇಳಬೇಕೆಂದಿದ್ದೆ. ಆದರೆ ಆ ವರ್ಷವೆಲ್ಲ ನೀನು ನನ್ನನ್ನು ಒಂದು ಸಲವೂ ಬೈಯಲಿಲ್ಲ. ಇಂಟರ್ ಕಾಲೇಜಿಗೆ ಸೇರಿಸು ಎಂದೆ, ಸೇರಿಸಿದೆ. ಕಂಡಕ್ಟರನ್ನು ಮದುವೆಯಾಗುತ್ತೇನೆ ಎಂದೆ. ಅವ್ವ ಮೂರು ದಿನ ಊಟ ಬಿಟ್ಟಳು, ನೀನು ಅರ್ಧ ಗಂಟೆಯಲ್ಲಿ ಒಪ್ಪಿದೆ. ಯಾಕೆ ಒಪ್ಪಿದೆ ಎಂದು ನನಗೆ ಗೊತ್ತಿತ್ತು. ಇಷ್ಟು ಉಪಯೋಗಕ್ಕೆ ಬರುವ ತಪ್ಪನ್ನು ನಿನ್ನ ತಲೆಯಿಂದ ಇಳಿಸಲು ನನಗೆ ಮನಸ್ಸು ಬರಲಿಲ್ಲ. ನಾನೂ ನಿನ್ನ ಮಗಳೇ ಅಲ್ಲವೇ.

ಯಾರೂ ಬರಬೇಡಿ ಎಂದದ್ದು ನಿನ್ನ ಮೇಲಿನ ಸಿಟ್ಟಿಗಲ್ಲ. ಈ ಸಲ ನಾನು ನಡುವೆ ನಿಂತುಬಿಟ್ಟರೆ, ತಪ್ಪು ಹೊರಿಸಲು ಹತ್ತಿರದಲ್ಲಿ ಯಾರೂ ಇರಬಾರದು ಎಂದು.

ಆ ಕಲ್ಲಿನ ಮೇಲೆ ಎಷ್ಟು ಹೊತ್ತು ಕೂತೆನೋ, ಗಡಿಯಾರ ನೋಡಲಿಲ್ಲ. ಎದ್ದು ಆ ಏರನ್ನು ನಡೆದೆ, ಆಚೆ ಓಡಿದೆ. ಒಟ್ಟು ಮೂರು ಗಂಟೆ ಎರಡು ನಿಮಿಷ. ಎರಡು ನಿಮಿಷ ಹೆಚ್ಚು. ಕೂತಿರದಿದ್ದರೆ ಒಳಗೇ ಬರುತ್ತಿದ್ದೆ.

ಇದನ್ನೆಲ್ಲ ಬರೆಯಲೋ ಬೇಡವೋ ಎಂದು ನಾಲ್ಕು ದಿನ ಕಳೆಯಿತು. ಈಗ ಬರೆದಾಯಿತು. ಬಳ್ಳಾರಿ ಕಡೆಯ ಆ ಓಟದಲ್ಲೂ ಹದಿನಾಲ್ಕನೆಯ ಕಿಲೋಮೀಟರಿನಲ್ಲಿ ಒಂದು ಏರಿದೆಯಂತೆ. ಬಾ ಅಪ್ಪ. ಮುಗಿಯುವ ಜಾಗದಲ್ಲಿ ನಿಲ್ಲಬೇಡ, ಅಲ್ಲಿ ನಿಲ್ಲುವವರು ಬೇಕಾದಷ್ಟು ಜನ. ಆ ಏರಿನಲ್ಲಿ ನಿಲ್ಲು.

ನಿನ್ನ,
ನಾಗವೇಣಿ

*

ರಾಯದುರ್ಗ
17 ಮಾರ್ಚ್ 2026

ನಾಗವೇಣಿಗೆ,

ಕಾಗದ ಓದಿದೆ. ಇಪ್ಪತ್ತೊಂದು ವರ್ಷ ನನ್ನನ್ನು ಹೀಗೆ ಕುಣಿಸಿದವಳು ನೀನೊಬ್ಬಳೇ ಅಂದುಕೊಂಡು ನಿಮ್ಮವ್ವನಿಗೆ ಓದಿ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ.

“ನನಗ ಆವತ್ತಾ ಗೊತ್ತಿತ್ತ್ರಿ. ಖರೇ ಅಳು ಯಾವುದು ಅಂತ ತಾಯಿಗೆ ತಿಳೀದೇನು?”

“ಮತ್ತ ನನಗ ಯಾಕ ಹೇಳಲಿಲ್ಲ?”

“ನನಗೂ ಉಪಯೋಗಕ್ಕ ಬರ್ತಿತ್ತಲ್ರಿ.”

ಮನೆಯೊಳಗೆ ಇಬ್ಬರು ಇಂಥ ಯಾಪಾರಸ್ಥರನ್ನು ಇಟ್ಟುಕೊಂಡು, ನಾನು ಊರೊಳಗೆ ಜಾಣ ಎಂದು ತಿರುಗಿದೆ.

ಆ ಭಾನುವಾರ ಯೂನಿಟ್ಟಿಗೆ ಹೇಗೂ ರಜೆ. 29ಕ್ಕೆ ನಸುಕಿನ ಬಸ್ಸಿಗೆ ನಾವಿಬ್ಬರೂ ಹೊರಡುತ್ತೇವೆ. ನಿಮ್ಮವ್ವ ಮುಗಿಯುವ ಜಾಗದಲ್ಲಿ ನಿಲ್ಲುತ್ತಾಳಂತೆ. ಆ ಏರನ್ನು ಹತ್ತಲು ತನ್ನ ಮೊಣಕಾಲಿಗೆ ಹೇಳಿ ನೋಡಿದಳಂತೆ, ಒಪ್ಪಲಿಲ್ಲವಂತೆ. ಓಟ ಶುರುವಾಗುವ ಹೊತ್ತಿಗೇ ನಾನು ಏರಿನಲ್ಲಿರುತ್ತೇನೆ.

ನೀನು ಹೆದರಿದ್ದೆ ಎಂದು ಬರೆದು ನನ್ನ ಭಾರ ಇಳಿಸಿದೆ. ಪೂರ್ತಿ ಇಳಿಯಲಿಲ್ಲ, ಇಳಿಯುವುದೂ ಬೇಡ. ನೀನು ಹೆದರಿದ್ದು ನನಗೆ ಯಾಕೆ ತಿಳಿಯಲಿಲ್ಲ ಎಂದರೆ, ನಾನು ಕೇಳಲೇ ಇಲ್ಲ. ಬಾಗಿಲಲ್ಲಿ ನಿಂತು ಬೇಡ ಎಂದೆ. ಹೋಗುತ್ತೀಯಾ ಎಂದು ಕೇಳಿದ್ದರೆ ನೀನು ಇಲ್ಲ ಎನ್ನುತ್ತಿದ್ದೆಯೋ, ಹೆದರಿಕೆಯನ್ನು ನುಂಗಿ ಹೂಂ ಎನ್ನುತ್ತಿದ್ದೆಯೋ, ಇಬ್ಬರಿಗೂ ತಿಳಿಯದೆ ಹೋಯಿತು. ಅಷ್ಟು ಭಾಗ ನನ್ನದು.

ಏರಿನಲ್ಲಿ ನಿಂತು ನಾನು ಕೂಗುವುದಿಲ್ಲ, ಚಪ್ಪಾಳೆ ತಟ್ಟುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಿನ್ನಪ್ಪನಿಗೆ ಇದು ಎಷ್ಟು ಕಷ್ಟ ಎಂದು ನಿನಗೆ ಗೊತ್ತು. ನೀನು ನಿಲ್ಲದೆ ಹೋದರೆ ಬೆನ್ನು ನೋಡುತ್ತಾ ನಿಂತಿರುತ್ತೇನೆ. ನಿಂತರೆ ಮಾತ್ರ ಹತ್ತಿರ ಬಂದು, “ಹೋಗ್ತೀಯೇನವ್ವ?” ಎಂದು ಒಂದು ಸಲ ಕೇಳುತ್ತೇನೆ. ಆಮೇಲೆ ನೀನು ಹೇಳಿದ ಹಾಗೆ.

ನಿನ್ನ ಅಪ್ಪ,
ತಿಪ್ಪೇರುದ್ರಪ್ಪ